ಮೂಡಲ ಹೊಳೆಗೆ ಹೋದ ಹೈಲ್ವಿ

ಬಂದರಿನ ಕಡೆಯಿಂದ ಕೊಂಬಿನ ಸದ್ದು ಕೇಳಿತೆಂದರೆ ನನ್ನ ಅಮ್ಮ ಹೈಲ್ವಿ ಕೈಯಲ್ಲಿದ್ದ ಕೆಲಸವನ್ನು ಹಾಗೇ ಬಿಟ್ಟು ಎದ್ದುಬಿಡುತ್ತಿದ್ದಳು. ಒಲೆಯ ಮೇಲೆ ಗಂಜಿ ಇದ್ದರೆ ಗಂಜಿ ಸೀಯುತ್ತಿತ್ತು. ಕುರಿಯ ಉಣ್ಣೆ ಕತ್ತರಿಸುತ್ತಿದ್ದರೆ ಆ ಕುರಿ ಅರ್ಧ ಬೋಳು ಮೈಯಲ್ಲೇ ಅಂಗಳದ ತುಂಬ ಓಡಾಡುತ್ತಿತ್ತು. ಗುಡ್ಡ ಏರಿ ಇಳಿದರೆ ಬಂದರು. ಅಮ್ಮ ಏರುವುದನ್ನೂ ಓಡಿಯೇ ಏರುತ್ತಿದ್ದಳು.

ಥೋರ್ಗುನ್ ಅಜ್ಜಿ, ಅಂದರೆ ನನ್ನ ಅಪ್ಪನ ತಾಯಿ, ಬಾಗಿಲಲ್ಲಿ ನಿಂತು ಕೂಗುತ್ತಿದ್ದಳು.

"ಆ ಹಡಗಲ್ಲಿ ನಿನ್ನ ಗಂಡ ಬರ್ತಿದಾನೇನೇ? ನಿನ್ನ ಗಂಡ ಇಲ್ಲೇ ದೊಡ್ಡೀಲಿ ಕುರಿ ಹಿಕ್ಕೆ ಬಾಚ್ತಾ ಇದಾನೆ, ನೋಡು ಬಾ!"

"ಯಾರು ಬಂದ್ರು, ಏನು ತಂದ್ರು ಅಂತ ನೋಡ್ಕೊಂಡು ಬಂದ್ಬಿಡ್ತೀನಿ ಅತ್ತೆ. ಇಗೋ ಹೋದೆ, ಇಗೋ ಬಂದೆ."

ಸಂಜೆಗೆ ಬರುತ್ತಿದ್ದಳು. ಮೈಗೆಲ್ಲ ಕೀಲೆಣ್ಣೆ, ಜೇನುಮೇಣ, ತುಪ್ಪುಳು ಚರ್ಮದ ವಾಸನೆ ಅಂಟಿಸಿಕೊಂಡು ಬರುತ್ತಿದ್ದಳು. ಊಟಕ್ಕೆ ಕೂತರೂ ಒಂದು ಕಾಲು ಅಲುಗಾಡುತ್ತಲೇ ಇರುತ್ತಿತ್ತು. ಯಾವ ಹಡಗಿನಲ್ಲಿ ಎಷ್ಟು ಜನ ಹೋಗಿದ್ದರು, ಎಷ್ಟು ಜನ ಬಂದರು, ಯಾವ ಮೂಟೆಯಲ್ಲಿ ಏನಿತ್ತು ಎಂದು ಅವಳು ಹೇಳುವಾಗ ನನ್ನ ಅಪ್ಪ ಔಡ್ವಾಲ ತಲೆಯಾಡಿಸುತ್ತ ಒಣಮೀನು ಜಗಿಯುತ್ತಿದ್ದ. ಅವನು ಕುರಿಗಳ ಮನುಷ್ಯ. ಬಂದರಿನ ನಿಂತ ನೀರಿನಲ್ಲಿ ದೋಣಿ ಹತ್ತಿದರೂ ಅವನಿಗೆ ವಾಂತಿ ಬರುತ್ತಿತ್ತು.

ಅಮ್ಮ ಹುಟ್ಟಿದ ಮನೆ ಬೇರೆ ಥರದ್ದು. ನಮ್ಮ ಗೋಟ್‌ಲ್ಯಾಂಡ್ ದ್ವೀಪದಲ್ಲಿ ಅಂಥ ಮನೆಗಳು ಬಹಳ. ಅವಳ ತಂದೆ ಪ್ರತಿ ವಸಂತದಲ್ಲೂ ಸಮುದ್ರ ದಾಟಿ ಮೂಡಲ ಹೊಳೆಗೆ, ಅದರಾಚೆ ಕೆನುಗಾರ್ಡ್ ಎಂಬ ಸಂತೆಯೂರಿಗೆ ವ್ಯಾಪಾರಕ್ಕೆ ಹೋಗುತ್ತಿದ್ದ. ಒಂದು ವರ್ಷ ಅಲ್ಲಿಯೇ ಜ್ವರ ಬಂದು ಸತ್ತ. ಆಮೇಲೆ ಅವಳ ತಮ್ಮ ಗೈರ್ವಾತ ಹೋಗತೊಡಗಿದ. ಹೆಣ್ಣಾದ್ದರಿಂದ ಅಮ್ಮನಿಗೆ ಸಿಕ್ಕಿದ್ದು ಮಗ್ಗ. ನಮ್ಮ ಮಗ್ಗ ಗೋಡೆಗೆ ಒರಗಿ ನಿಲ್ಲುವಂಥದ್ದು. ನೇಯುವವಳು ನಿಂತೇ ನೇಯಬೇಕು, ಆ ತುದಿಯಿಂದ ಈ ತುದಿಗೆ ನಡೆಯುತ್ತಲೇ ಇರಬೇಕು. ಕೂತು ಮಾಡುವ ಕೆಲಸ ಒಂದೂ ಅಮ್ಮನಿಗೆ ಹಿಡಿಸುತ್ತಿರಲಿಲ್ಲ. ನೇಯ್ಗೆ ಮಾತ್ರ ಸುತ್ತಮುತ್ತಲ ಯಾರಿಗೂ ಬಾರದಷ್ಟು ಚೆನ್ನಾಗಿ ಬರುತ್ತಿತ್ತು. ಚಳಿಗಾಲವಿಡೀ ಮಗ್ಗದ ಮುಂದೆ ಅವಳು ನಡೆದ ದಾರಿಯನ್ನು ಉದ್ದಕ್ಕೆ ಹಾಸಿದ್ದರೆ ಎಲ್ಲಿಗೆ ಮುಟ್ಟುತ್ತಿತ್ತೋ.

ನನಗೆ ಒಂಬತ್ತು ತುಂಬಿದ ವರ್ಷ ಶರತ್ಕಾಲದಲ್ಲಿ ಹೆಗ್‌ಬ್ಯಾರ್ನನ ಹಡಗು ಬಂತು. ಗೈರ್ವಾತ ಮಾವ ಅವನ ಹಡಗಿನಲ್ಲೇ ಹೋಗುತ್ತಿದ್ದದ್ದು. ಹಡಗು ಬಂತು, ಮಾವ ಬರಲಿಲ್ಲ. ಅಮ್ಮನ ಜತೆ ನಾನೂ ಓಡಿ ಹೋಗಿದ್ದೆ. ಹೆಗ್‌ಬ್ಯಾರ್ನ ಒಂದು ಗಂಟನ್ನು ಅಮ್ಮನ ಕೈಗಿಟ್ಟ.

"ಗೈರ್ವಾತ ಕೆನುಗಾರ್ಡ್‌ನಲ್ಲೇ ಉಳ್ಕೊಂಡ ಹೈಲ್ವಿ. ಜ್ವರ. ಕಾಲೆಲ್ಲ ಊದ್ಕೊಂಡು ಮರದ ದಿಮ್ಮಿ ಥರ ಆಗಿತ್ತು. ಹುಟ್ಟು ಹಾಕೋ ಹಾಗಿರಲಿಲ್ಲ. ಮುಂದಿನ ವರ್ಷ ಬರ್ತಾನೆ ಬಿಡು."

"ಯಾರು ನೋಡ್ಕೋತಿದಾರೆ?"

"ಯಾರೋ ಇದಾರೆ. ಒಳ್ಳೇ ಜನ." ಹಾಗೆನ್ನುತ್ತ ಅವನು ಹಗ್ಗ ಸುತ್ತಲು ಹೋದ. ಆ ಹಗ್ಗ ಆಗಲೇ ಸುತ್ತಿ ಇಟ್ಟಿತ್ತು.

ಗಂಟಿನಲ್ಲಿ ಒಂದು ಬೆರಳಗಲದ ರೇಷ್ಮೆ ಪಟ್ಟಿ, ಒಂದು ಹಿಡಿ ಅಕ್ರೋಟು. ಅಮ್ಮ ಆ ಪಟ್ಟಿಯನ್ನು ಮುಟ್ಟಿಯೂ ನೋಡಲಿಲ್ಲ. ಗಂಟು ಕಟ್ಟಿದ್ದ ದಾರವನ್ನೇ ತಿರುಗಿಸಿ ತಿರುಗಿಸಿ ನೋಡಿದಳು. ತಮ್ಮನ ಕೈಯ ಗಂಟೇ ಅದು, ಬಿಗಿಯಾಗಿ ಎಳೆದು ಕಟ್ಟಿದ್ದು. ಜ್ವರದಲ್ಲಿ ಮಲಗಿದವನ ಕೈಗೆ ಅಷ್ಟು ಬಲ ಎಲ್ಲಿಂದ ಬಂತು ಎಂದು ದಾರಿಯುದ್ದಕ್ಕೂ ಕೇಳಿದಳು. ನನ್ನನ್ನಲ್ಲ, ತನ್ನನ್ನೇ.

ಆ ಚಳಿಗಾಲ ಮನೆಯಲ್ಲಿ ಯಾರಿಗೂ ನೆಮ್ಮದಿ ಇರಲಿಲ್ಲ. ಅಮ್ಮ ಬೆಳಕು ಹರಿಯುವ ಮುಂಚೆ ಮಗ್ಗದ ಮುಂದೆ ನಿಂತರೆ ಕತ್ತಲಾದರೂ ನಿಲ್ಲಿಸುತ್ತಿರಲಿಲ್ಲ. ಹಾಸುನೂಲಿಗೆ ಕಟ್ಟಿದ ಕಲ್ಲುಗಳು ಒಂದಕ್ಕೊಂದು ಬಡಿದು ಟಕಟಕ ಎನ್ನುವ ಸದ್ದು ನಿದ್ದೆಯಲ್ಲೂ ಕಿವಿಯಲ್ಲಿರುತ್ತಿತ್ತು. ಮೂರು ಥಾನು ಉಣ್ಣೆ ಬಟ್ಟೆ ನೇಯ್ದಳು. ಯಾರಿಗೆ ಎಂದು ಅಜ್ಜಿ ಕೇಳಿದರೆ ಮಗ್ಗದ ಆ ತುದಿಗೆ ನಡೆದುಬಿಡುತ್ತಿದ್ದಳು. ಹಿಮ ಕರಗಿ ಕುರಿಗಳು ಮರಿ ಹಾಕಿದ ಮೇಲೆ ಒಂದು ದಿನ ಊಟದ ಹೊತ್ತಿನಲ್ಲಿ ಹೇಳಿದಳು.

"ನಾನು ಹೋಗಿ ಕರ್ಕೊಂಡು ಬರ್ತೀನಿ."

ಅಜ್ಜಿ ಚಮಚ ಕೆಳಗಿಟ್ಟಳು. "ಎಲ್ಲಿಗೆ? ಗುಡ್ಡದಾಚೆಗಾ?"

"ಕೆನುಗಾರ್ಡ್‌ಗೆ. ಹೆಗ್‌ಬ್ಯಾರ್ನನ್ನ ಕೇಳಿದೀನಿ. ಹಾಯಿ ಹೊಲೀತೀನಿ, ಅಡಿಗೆ ಮಾಡ್ತೀನಿ, ಹುಟ್ಟು ಹಾಕು ಅಂದ್ರೆ ಹಾಕ್ತೀನಿ. ನನ್ನ ಬಟ್ಟೆ ನಾನೇ ಅಲ್ಲಿ ಮಾರ್ಕೋತೀನಿ."

"ಹೆಂಗಸರು ಹೋಗೋ ದಾರಿಯೇನೇ ಅದು? ಔಡ್ವಾಲ, ಬಾಯಲ್ಲಿ ರೊಟ್ಟಿ ಇಟ್ಕೊಂಡು ಕೂತಿದೀಯಲ್ಲೋ, ಏನಾದ್ರೂ ಹೇಳೋ!"

ಅಪ್ಪ ರೊಟ್ಟಿಯನ್ನು ನಿಧಾನವಾಗಿ ಜಗಿದು ನುಂಗಿದ. ಆಮೇಲೆ ಅಮ್ಮನ ಕಡೆ ನೋಡದೆ ಹೇಳಿದ. "ಹೋಗು ಅಂದ್ರೂ ಹೋಗ್ತೀಯ, ಬೇಡ ಅಂದ್ರೂ ಹೋಗ್ತೀಯ. ಹೋಗು ಅಂತಾನೇ ಅಂತೀನಿ. ಬರುವಾಗ ಜಗಳ ಇರಲ್ಲ."

ನಾನು ಅಮ್ಮನ ಅಂಗಿಯ ಅಂಚು ಹಿಡಿದುಕೊಂಡೆ. "ಯಾವಾಗ ಬರ್ತೀಯ?"

"ಶರತ್ಕಾಲದಲ್ಲಿ ಕುರಿ ಕಡಿಯೋದ್ರೊಳಗೆ ಬಂದ್ಬಿಡ್ತೀನಿ ಬೋಟಿಲ್ಡಾ. ಖಂಡಿತ."

ಹಡಗು ಹೊರಟಾಗ ಅವಳು ಕೈ ಬೀಸಲಿಲ್ಲ. ಆಗಲೇ ಹಗ್ಗ ಎಳೆಯುವವರ ಸಾಲಿನಲ್ಲಿ ನಿಂತಿದ್ದಳು. ಅವಳ ಮುಖ ಅಷ್ಟು ಸಂತೋಷದಲ್ಲಿದ್ದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಒಂಬತ್ತು ವರ್ಷದ ಮಗುವಿಗೆ ಅದನ್ನು ಮರೆಯುವುದು ಸುಲಭವಲ್ಲ.

ಕುರಿ ಕಡಿಯುವ ಕಾಲ ಬಂತು. ಬೆಳಗ್ಗೆ ಬೆಳಗ್ಗೆ ನಾನು ಗುಡ್ಡದ ಮೇಲೆ ಹೋಗಿ ನಿಲ್ಲುತ್ತಿದ್ದೆ. ಕೊಂಬು ಕೇಳಿದರೆ ಹಾಲಿನ ಚೊಂಬನ್ನು ಚೆಲ್ಲಿಕೊಂಡು ಓಡುತ್ತಿದ್ದೆ. "ಇನ್ನೊಬ್ಳು ಹೈಲ್ವಿ ಹುಟ್ಕೊಂಡ್ಳು" ಎಂದು ಅಜ್ಜಿ ಹಣೆ ಚಚ್ಚಿಕೊಂಡಳು. ಹೆಗ್‌ಬ್ಯಾರ್ನನ ಹಡಗು ಬಂದಾಗ ಅದರಲ್ಲಿ ಅಮ್ಮ ಇರಲಿಲ್ಲ. ಅವನು ಈ ಸಲ ಹಗ್ಗ ಸುತ್ತಲು ಹೋಗಲಿಲ್ಲ. ನನ್ನ ಮುಂದೆ ಕುಕ್ಕರಗಾಲಿನಲ್ಲಿ ಕೂತ.

"ನಿಮ್ಮಮ್ಮ ಚೆನ್ನಾಗಿದಾಳೆ ಮರಿ. ಅಲ್ಲಿ ಒಬ್ಳಿಗೆ ಹೆರಿಗೆ ಹತ್ತಿರ ಇತ್ತು, ಅದು ಮುಗಿಸ್ಕೊಂಡು ನಮ್ಮ ಹಿಂದೆ ಬರೋ ಕೊನೇ ದೋಣೀಲಿ ಬರ್ತೀನಿ ಅಂದ್ಳು."

ಆ ಕೊನೆಯ ದೋಣಿಯೂ ಬಂತು. ಅದರಲ್ಲಿ ಮೇಣವಿತ್ತು, ಚರ್ಮಗಳಿದ್ದವು, ಗ್ರೀಕರ ಮದ್ಯದ ಎರಡು ಮಡಕೆಗಳಿದ್ದವು. ಆಮೇಲೆ ಸಮುದ್ರದ ಮೇಲೆ ಯಾವ ಹಾಯಿಯೂ ಕಾಣಲಿಲ್ಲ. ಬಾವಿಯ ಹತ್ತಿರ ಹೆಂಗಸರು ನನ್ನನ್ನು ನೋಡಿ ದನಿ ತಗ್ಗಿಸುತ್ತಿದ್ದರು. ತಮ್ಮ ಹೋದ, ಅಕ್ಕನೂ ಹೋದಳು, ಆ ಮನೆತನದವರೇ ಕಾಲಿಗೆ ಚಕ್ರ ಕಟ್ಟಿಕೊಂಡವರು ಎನ್ನುತ್ತಿದ್ದರು. ಅಪ್ಪ ಆ ಚಳಿಗಾಲದಲ್ಲಿ ಅಮ್ಮನ ಮಗ್ಗವನ್ನು ಬಿಚ್ಚಲಿಲ್ಲ. ಅದು ಗೋಡೆಗೆ ಒರಗಿ ಬರಿದಾಗಿ ನಿಂತಿತ್ತು. ಗಾಳಿ ಬಂದಾಗ ಕಲ್ಲುಗಳು ತಾವೇ ಅಲುಗುತ್ತಿದ್ದವು, ನಾನು ಬೆಚ್ಚಿ ತಿರುಗಿ ನೋಡುತ್ತಿದ್ದೆ.

ಅಮ್ಮ ಬಂದದ್ದು ಮರುವರ್ಷ ಹುಲ್ಲು ಕೊಯ್ಲಿನ ಹೊತ್ತಿಗೆ. ಈ ಸಲ ನಾನು ಬಂದರಿಗೆ ಓಡಿರಲಿಲ್ಲ. ಅಂಗಳದಲ್ಲಿ ಹುಲ್ಲು ಹರಡುತ್ತಿದ್ದೆ. ಕರ್ರಗಾದ, ತೆಳ್ಳಗಾದ ಹೆಂಗಸೊಬ್ಬಳು ಬೆನ್ನ ಮೇಲೆ ಗಂಟು ಹೊತ್ತು ಬೇಲಿ ದಾಟಿ ಬಂದು "ಬೋಟಿಲ್ಡಾ" ಎಂದಳು. ನನಗೆ ಯಾರೆಂದು ತಕ್ಷಣ ಗೊತ್ತಾಯಿತು. ಆದರೂ ಮನೆಯ ಕಡೆ ತಿರುಗಿ ಕೂಗಿದೆ.

"ಅಜ್ಜೀ, ಯಾರೋ ಬಂದಿದಾರೆ!"

ಅಮ್ಮ ಬೆನ್ನಿನ ಗಂಟನ್ನು ಇಳಿಸಲಿಲ್ಲ. ಹಾಗೇ ನಿಂತಿದ್ದಳು. ಅಪ್ಪ ದೊಡ್ಡಿಯಿಂದ ಬಂದು ಆ ಗಂಟನ್ನು ತಾನೇ ಇಳಿಸಿ, "ಹಸಿವಾಗಿದ್ಯಾ?" ಎಂದು ಕೇಳಿದ. ಅಷ್ಟೇ.

ಏನಾಯಿತೆಂಬುದನ್ನು ಅವಳು ಆ ಚಳಿಗಾಲದಲ್ಲಿ ಸ್ವಲ್ಪ ಸ್ವಲ್ಪವಾಗಿ ಹೇಳಿದಳು. ಮೂರು ದಿನ ಸಮುದ್ರ. ಆಮೇಲೆ ಹೊಳೆ, ನೀರಿನ ಎದುರಿಗೆ ಹುಟ್ಟು ಹಾಕಿ ಹಾಕಿ ಅಂಗೈ ಚರ್ಮವೆಲ್ಲ ಎದ್ದು ಹೋಗುವ ಹೊಳೆ. ಅದು ಮುಗಿದ ಕಡೆ ಹಡಗನ್ನು ಬರಿದು ಮಾಡಿ, ದಿಮ್ಮಿಗಳ ಮೇಲೆ ಕಾಡಿನ ಮಧ್ಯೆ ಎಳೆದುಕೊಂಡು ಹೋಗಿ ಇನ್ನೊಂದು ಹೊಳೆಗೆ ಇಳಿಸಬೇಕು. ಸೊಳ್ಳೆಗಳು ಕಣ್ಣಿನ ರೆಪ್ಪೆಯನ್ನೂ ಬಿಡುತ್ತಿರಲಿಲ್ಲವಂತೆ. ಆ ಇನ್ನೊಂದು ಹೊಳೆ ತೆಂಕಣಕ್ಕೆ ಹರಿಯುತ್ತದೆ, ಅದರ ದಂಡೆಯ ಗುಡ್ಡದ ಮೇಲೆ ಕೆನುಗಾರ್ಡ್.

ಅಲ್ಲಿ ಇಳಿದವಳೇ ರೋಗಿಗಳಿರುವ ಮನೆ ಯಾವುದೆಂದು ಕೇಳಿಕೊಂಡು ಹೊರಟಳು. ಜನ ಸಂತೆಯ ಕಡೆ ಕೈ ತೋರಿಸಿದರು. ಅಲ್ಲಿ ಒಂದು ಚಪ್ಪರದ ಕೆಳಗೆ ಗೈರ್ವಾತ ಮಾವ ಬಾಚಣಿಗೆ, ಬಟ್ಟೆಗಳನ್ನು ಹರಡಿಕೊಂಡು ಕೂತಿದ್ದ. ಹೊಟ್ಟೆ ಬಂದಿತ್ತು. ತೊಡೆಯ ಮೇಲೆ ಎರಡು ವರ್ಷದ ಮಗು, ಅಂದರೆ ಅವನಿನ್ನೂ ಊರಿಗೆ ಬಂದು ಹೋಗುತ್ತಿದ್ದಾಗಲೇ ಹುಟ್ಟಿದ್ದು. ತಲೆ ಎತ್ತದೆ ಆ ಊರಿನ ಮಾತಿನಲ್ಲಿ ಏನು ಬೇಕೆಂದು ಕೇಳಿದ. ಎತ್ತಿದಾಗ ಅಮ್ಮನ ಕೈ ಅವನ ಕೆನ್ನೆಯ ಮೇಲಿತ್ತು.

"ಕಾಲು ಊದಿತ್ತಂತೆ? ತೋರ್ಸು ಕಾಲು."

"ಅಕ್ಕಾ! ನೀನು ಹೇಗೆ... ಕೂತ್ಕೋ ಅಕ್ಕ, ಮೊದ್ಲು ಕೂತ್ಕೋ."

"ಕೂರಲ್ಲ. ತೋರ್ಸು ಕಾಲು."

ಮಾವ ಇಡೀ ಸಂತೆಯ ಎದುರು ಕಾಲಿನ ಪಟ್ಟಿ ಬಿಚ್ಚಿ ತೋರಿಸಬೇಕಾಯಿತು. ಕಾಲು ಗಟ್ಟಿಮುಟ್ಟಾಗಿತ್ತು. ಅಷ್ಟರಲ್ಲಿ ಒಳಗಿನಿಂದ ತುಂಬು ಬಸುರಿಯೊಬ್ಬಳು ಸೌಟು ಹಿಡಿದು ಬಂದಳು. ಯಾರೋ ಪರದೇಶದ ಹೆಂಗಸು ತನ್ನ ಗಂಡನ ಮೊಣಕಾಲು ಹಿಡಿದುಕೊಂಡು ಅಳುತ್ತಿರುವುದನ್ನು ಕಂಡು ಸೌಟು ಎತ್ತಿದಳಂತೆ. ಅವಳೇ ರಾದಾ, ಮಾವನ ಹೆಂಡತಿ, ಆ ಊರಿನ ಕುಂಬಾರರ ಹುಡುಗಿ.

"ಸಾಕಾಗಿತ್ತು ಕಣೆ ಅಕ್ಕ," ಎಂದ ಮಾವ. "ಪ್ರತಿ ವರ್ಷ ಅದೇ ಹೊಳೆ, ಅದೇ ಸೊಳ್ಳೆ. ಅಪ್ಪನ್ನ ಹೂತಿರೋ ದಂಡೆ ಮುಂದೇನೇ ಹೋಗ್ಬೇಕು, ಬರ್ಬೇಕು. ಇಲ್ಲಿ ಒಂದ್ಕಡೆ ಕೂತೆ, ಚೆನ್ನಾಗಿತ್ತು. ನಿನ್ನ ಮುಖ ನೋಡಿ ಹೇಳೋ ಧೈರ್ಯ ಇರ್ಲಿಲ್ಲ. ಜ್ವರ ಅಂತ ಹೇಳಪ್ಪಾ ಅಂತ ಹೆಗ್‌ಬ್ಯಾರ್ನನ ಕಾಲು ಹಿಡ್ಕೊಂಡೆ."

"ನನಗೆ ಸಿಗದೇ ಇರೋ ದಾರೀನ ಹತ್ತು ಸಲ ತುಳಿದು ಬೇಜಾರು ಅಂತೀಯಲ್ಲೋ!"

ಅದನ್ನು ನಮಗೆ ಹೇಳುವಾಗಲೂ ಅಮ್ಮನ ದನಿ ಏರುತ್ತಿತ್ತು. ತಮ್ಮ ಸುಳ್ಳು ಹೇಳಿದನೆಂಬ ಸಿಟ್ಟಿಗಿಂತ ಆ ಸಿಟ್ಟು ದೊಡ್ಡದು ಎಂದು ನನಗೆ ಆಗ ಅರ್ಥವಾಗಲಿಲ್ಲ.

ರಾದಾಳಿಗೆ ಹೆರಿಗೆ ಕಷ್ಟವಾಯಿತಂತೆ. ಎರಡು ದಿನ ಅಮ್ಮ ಅವಳ ಬೆನ್ನು ಹಿಡಿದು ನಿಂತಿದ್ದಳು. ಹೆಣ್ಣು ಮಗು. ಆಮೇಲೆ ಹೊಳೆ ಹೆಪ್ಪುಗಟ್ಟಿತು, ಚಳಿಗಾಲ ಅಲ್ಲೇ ಕಳೆಯಬೇಕಾಯಿತು, ಅಂದಳು.

ಗಂಟಿನಲ್ಲಿ ತಂದದ್ದನ್ನೆಲ್ಲ ಬಂದ ದಿನವೇ ಮಂಚದ ಮೇಲೆ ಹರಡಿದ್ದಳು. ಅಪ್ಪನಿಗೆ ಕಂಚಿನ ಗುಂಡಿಗಳ ಬೆಲ್ಟು, ಅಜ್ಜಿಗೆ ರೇಷ್ಮೆಯ ತಲೆಪಟ್ಟಿ, ನನಗೆ ಕೆಂಪು ಹರಳಿನ ಮಣಿಗಳು. ಬೆಳಕಿಗೆ ಹಿಡಿದರೆ ಒಳಗೆ ಕೆಂಡವಿದ್ದ ಹಾಗೆ ಕಾಣುತ್ತಿದ್ದವು.

"ನಂಗೆ ಬೇಡ," ಎಂದೆ. "ನೀನೇ ಹಾಕ್ಕೋ."

ಅಜ್ಜಿ ಕೈ ಚಾಚಿ ಮಣಿಗಳನ್ನು ಎತ್ತಿಕೊಂಡಳು. "ಇಬ್ರಿಗೂ ಬೇಡ ಅಂದ್ರೆ ನನಗಿರ್ಲಿ," ಎಂದು ಕೊರಳಿಗೆ ಕಟ್ಟಿಕೊಂಡೇಬಿಟ್ಟಳು. ಸಾಯುವವರೆಗೂ ಬಿಚ್ಚಲಿಲ್ಲ. ಅವಳ ಜತೆಯಲ್ಲೇ ಹೂತೆವು.

ಕೊನೆಯದಾಗಿ ಒಂದು ಪುಟ್ಟ ಚರ್ಮದ ಚೀಲ. ಅದರಲ್ಲಿ ಸುಕ್ಕುಗಟ್ಟಿದ ಕಪ್ಪು ಕಾಳುಗಳು. ಮೆಣಸು. ಅಮ್ಮ ಕೆನುಗಾರ್ಡ್‌ನಲ್ಲಿ ಮೊದಲ ಸಲ ಅದನ್ನು ಕಚ್ಚಿದಾಗ ಕಣ್ಣು ಮೂಗಿನಲ್ಲೆಲ್ಲ ನೀರು ಬಂದು ಸಂತೆಯವರು ನಕ್ಕರಂತೆ. ಅವಳು ಕಣ್ಣೊರೆಸಿಕೊಂಡು ಇನ್ನೊಂದು ಕೊಡು ಎಂದು ಕೈ ಒಡ್ಡಿದಳು. ಮಾರುವವನು ದೂರದ ತೆಂಕಣದವನು. ಇದು ಬಳ್ಳಿಯಲ್ಲಿ ಗೊಂಚಲು ಗೊಂಚಲಾಗಿ ಬಿಡುತ್ತದೆ, ಆ ದೇಶದಲ್ಲಿ ಹಿಮ ಬೀಳುವುದೇ ಇಲ್ಲ, ಬೆಚ್ಚಗಿನ ಮಳೆ ಸುರಿಯುತ್ತದೆ ಎಂದನಂತೆ. ನೀನು ನೋಡಿದ್ದೀಯಾ ಎಂದರೆ ಇಲ್ಲ ಎಂದ. ನಿನಗೆ ಮಾರಿದವನು ನೋಡಿದ್ದಾನಾ ಎಂದರೆ ಅವನೂ ಇಲ್ಲ ಎಂದ. ಆ ಮಾತು ಅಮ್ಮನ ತಲೆಯಲ್ಲಿ ಮುಳ್ಳಿನಂತೆ ಉಳಿದುಬಿಟ್ಟಿತು. "ಅಷ್ಟು ದೂರ ಹೋದೆ ಅಂದ್ಕೊಂಡಿದ್ದೆ ಕಣೆ," ಎನ್ನುತ್ತಿದ್ದಳು, "ನಾನು ನಿಂತಿದ್ದು ಬರೀ ಹೊಸ್ತಿಲಲ್ಲಿ."

ಮರುದಿನ ಕುರಿ ಮಾಂಸದ ಸಾರಿಗೆ ನಾಲ್ಕು ಕಾಳು ಜಜ್ಜಿ ಹಾಕಿದಳು. ಅಜ್ಜಿ ಒಂದು ಗುಟುಕು ಕುಡಿದು ಕೆಮ್ಮಿ ಕೆಮ್ಮಿ ಕೆಂಪಾದಳು.

"ವಿಷ ಹಾಕಿದಾಳೆ! ನನ್ನ ಕೊಲ್ಲಕ್ಕೆ ಅಷ್ಟು ದೂರ ಹೋಗಿ ವಿಷ ತಂದಿದಾಳೆ!"

ಅಪ್ಪ ಅಷ್ಟು ನಕ್ಕದ್ದನ್ನು ನಾನು ನೋಡಿರಲಿಲ್ಲ. ನನಗೂ ನಗು ಬಂತು, ಅಮ್ಮನಿಗೆ ಕಾಣದ ಹಾಗೆ ಗೋಡೆಯ ಕಡೆ ತಿರುಗಿದೆ. ಎರಡು ದಿನ ಕಳೆದ ಮೇಲೆ ಅಜ್ಜಿ ಒಲೆಯ ಹತ್ತಿರ ಸುಳಿದಾಡಿ ಮೆಲ್ಲಗೆ ಕೇಳಿದಳು. "ಆ ವಿಷ ಇನ್ನೂ ಒಂಚೂರು ಇದ್ಯೇನೇ?"

ಆರು ವರ್ಷ ಅಮ್ಮ ಮನೆಯಲ್ಲಿದ್ದಳು. ಕೊಂಬು ಕೇಳಿದರೂ ಹೋಗುತ್ತಿರಲಿಲ್ಲ. ಅದಕ್ಕೆ ನಾನೇ ಕಾರಣ ಎಂದು ಎಲ್ಲರಿಗೂ ಗೊತ್ತಿತ್ತು. ಆದರೆ ಕೊಂಬಿನ ಸದ್ದಿಗೆ ಅವಳ ಬೆನ್ನು ಸೆಟೆಯುತ್ತಿತ್ತು, ಎಳೆ ತಪ್ಪುತ್ತಿತ್ತು. ತಪ್ಪಿದ ಎಳೆಯನ್ನು ಬಿಚ್ಚುತ್ತ ಸಿಡುಕುತ್ತಿದ್ದಳು. ಒಂದೇ ಮನೆಯಲ್ಲಿ ಆ ಸಿಡುಕಿನ ಜತೆ ಬದುಕುವುದು ಅವಳಿಲ್ಲದೆ ಬದುಕಿದ್ದಕ್ಕಿಂತ ಸುಲಭವಾಗಿರಲಿಲ್ಲ.

ನನಗೆ ಮದುವೆ ಗೊತ್ತಾದ ವರ್ಷ ಇಬ್ಬರೂ ಒಂದೇ ಮಗ್ಗದಲ್ಲಿ ನನ್ನ ಹೊದಿಕೆ ನೇಯುತ್ತಿದ್ದೆವು. ಅವಳು ನನ್ನ ಕಡೆ ನೋಡದೆ ಹೇಳಿದಳು.

"ಹೊಳೆ ಆಗ ಇನ್ನೂ ಹೆಪ್ಪುಗಟ್ಟಿರಲಿಲ್ಲ."

"ಯಾವಾಗ?"

"ಮಗು ಹುಟ್ಟಿ ಹತ್ತು ದಿನ ಆಗಿತ್ತು. ರಾದಾ ಎದ್ದು ಓಡಾಡ್ತಿದ್ಲು. ಆ ಕೊನೇ ದೋಣಿ ಇನ್ನೂ ದಂಡೇಲೇ ಇತ್ತು. ಗಂಟು ಕಟ್ಕೊಂಡು ಹೋಗಿ ನಿಂತಿದ್ದೆ. ಹತ್ತು ಅಂದ್ರು. ಹತ್ತಲಿಲ್ಲ."

ನನ್ನ ಕೈ ನಿಂತಿತು. "ನಾನು ಗುಡ್ಡದ ಮೇಲೆ ನಿಂತಿರ್ತೀನಿ ಅಂತ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು. ಅದಕ್ಕೇ ಹೇಳ್ತಿದೀನಿ. ಸುಳ್ಳಿನ ಮೇಲೆ ನಿನ್ನ ಗಂಡನ ಮನೆಗೆ ಕಳಿಸೋದು ಬೇಡ ಅಂತ. ತಿರುಗಿ ಮನೆ ಸೇರಿದ್ರೆ ಮತ್ತೆ ಯಾವತ್ತೂ ನನ್ನನ್ನ ಹೊರಗೆ ಬಿಡಲ್ಲ ಅಂತ ಹೆದರಿಕೆ ಆಯ್ತು ಬೋಟಿಲ್ಡಾ."

ನಾನು ಮಗ್ಗ ಬಿಟ್ಟು ಹೊರಗೆ ಹೋದೆ. ಸಿಟ್ಟಿನಲ್ಲಿ ಗುಡ್ಡ ಹತ್ತಿ, ಬಂದರಿಗೆ ಇಳಿದು, ದಂಡೆಯುದ್ದಕ್ಕೂ ನಡೆದೆ. ಎಷ್ಟು ನಡೆದೆನೋ. ಕಾಲು ನಿಲ್ಲಲೇ ಇಲ್ಲ. ಅವಳನ್ನು ಕ್ಷಮಿಸಿದೆನೆಂದು ಹೇಳಲಾರೆ; ಆದರೆ ಮನೆಗೆ ಬಂದು ಅವಳ ಪಕ್ಕದಲ್ಲಿ ನಿಂತು ಆ ಹೊದಿಕೆಯನ್ನು ಮುಗಿಸಿದೆ, ಮಾತೂ ಆಡಿದೆ.

ನನ್ನ ಮದುವೆಯಾದ ಮರುವಸಂತದಲ್ಲಿ ಅಪ್ಪ ತಾನಾಗಿಯೇ ಹೆಗ್‌ಬ್ಯಾರ್ನನ ಹತ್ತಿರ ಹೋದ. "ಒಂದು ಜಾಗ ಇದ್ಯೇನಪ್ಪ?" ಎಂದು ಕೇಳಿದ. ಹೆಗ್‌ಬ್ಯಾರ್ನ ನಗಾಡಿದ. "ನಿನಗಾ?" "ನನಗಲ್ಲಯ್ಯ. ಮನೇಲಿ ಒಬ್ಳು ಗೋಡೆಗೆ ಗುದ್ದಿ ಗುದ್ದಿ ಸಾಯ್ತಿದಾಳೆ, ಅವಳಿಗೆ."

ಹಾಗೆ ಅಮ್ಮ ಮತ್ತೆ ಎರಡು ಸಲ ಹೋಗಿ ಬಂದಳು, ಎರಡು ಸಲವೂ ಹೇಳಿದ ಹೊತ್ತಿಗೆ. ಎರಡನೆಯ ಸಲ ಕಾಡಿನಲ್ಲಿ ಹಡಗು ಎಳೆಯುವಾಗ ಹಗ್ಗ ತುಂಡಾಗಿ ದಿಮ್ಮಿ ಉರುಳಿ ಎಡಗೈಯ ಮೂರು ಬೆರಳು ಜಜ್ಜಿಹೋದವು. ಮುಂದೆ ನೇಯಲಾಗಲಿಲ್ಲ, ಹುಟ್ಟು ಹಿಡಿಯಲೂ ಆಗಲಿಲ್ಲ. ಆಗ ಬಂದರಿನಲ್ಲೇ ಒಂದು ಗುಡಿಸಲು ಹಾಕಿಕೊಂಡು, ಮೂಟೆ ಬಿಚ್ಚುವವರ ನಡುವೆ ಓಡಾಡಿಕೊಂಡಿದ್ದಳು. ಯಾವ ಬಟ್ಟೆ ಗ್ರೀಕರದ್ದು, ಯಾವುದು ಅದಕ್ಕೂ ಆಚೆಯದ್ದು, ಯಾವುದರ ಬಣ್ಣ ಮೊದಲ ಮಳೆಗೇ ಇಳಿಯುತ್ತದೆ ಎಂದು ಬಲಗೈಯ ಬೆರಳುಗಳಲ್ಲಿ ಉಜ್ಜಿ ಹೇಳುತ್ತಿದ್ದಳು. ಹಡಗಿಳಿದವರು ಮನೆಗೆ ಹೋಗುವ ಮೊದಲು ಅವಳ ಹತ್ತಿರ ಬರುತ್ತಿದ್ದರು. ಹೊಳೆಯಲ್ಲಿ ನೀರೆಷ್ಟಿತ್ತು, ಕೆನುಗಾರ್ಡ್‌ನಲ್ಲಿ ಯಾರು ಸತ್ತರು, ಎಲ್ಲ ಹೇಳಿಯೇ ಹೋಗಬೇಕು. ಬಿಡುತ್ತಿರಲಿಲ್ಲ. ಮೆಣಸಿನ ದೇಶವನ್ನು ಕಣ್ಣಾರೆ ನೋಡಿದವರು ಯಾರಾದರೂ ಸಿಕ್ಕರಾ ಎಂದು ಪ್ರತಿಯೊಬ್ಬರನ್ನೂ ಕೇಳುತ್ತಿದ್ದಳು. ಯಾರೂ ಸಿಕ್ಕಿರಲಿಲ್ಲ.

ಒಂದು ವಸಂತದಲ್ಲಿ, ಮಂಜುಗಡ್ಡೆ ಒಡೆಯುವ ವಾರದಲ್ಲಿ, ಎದೆಯಲ್ಲಿ ಕಫ ಕಟ್ಟಿಕೊಂಡು ಮಲಗಿದಳು. ಮಲಗಿದಳು ಎನ್ನುವುದೂ ಸರಿಯಲ್ಲ. ಅರ್ಧ ಎದ್ದು, ಬಾಗಿಲು ತೆಗೆಯಿರಿ, ಗಾಳಿ ಯಾವ ಕಡೆಯದ್ದು ನೋಡಿ ಎನ್ನುತ್ತಲೇ ಇದ್ದಳು. ಐದನೆಯ ದಿನ ಮಧ್ಯಾಹ್ನ ಹೋಗಿಬಿಟ್ಟಳು. ನಾನು ಗಂಜಿ ತರಲು ತಿರುಗಿದ್ದೆ.

ಹೂಳುವ ಕೆಲಸ ಮುಗಿದ ಮೂರನೆಯ ದಿನ ಅಪ್ಪ ಕಂಬಳಿ ಸುತ್ತಿಕೊಂಡು ಬಂದರಿಗೆ ಹೋದ. ಆಗ ಅವನಿಗೆ ಅರವತ್ತು ದಾಟಿತ್ತು. ಹೆಗ್‌ಬ್ಯಾರ್ನನ ಹಡಗನ್ನು ಈಗ ಅವನ ಮಗಳ ಗಂಡ ನಡೆಸುತ್ತಿದ್ದ. ಅವನ ಮುಂದೆ ನಿಂತು, "ಒಂದು ಜಾಗ ಬೇಕು. ನನಗೇ," ಎಂದ. ನಾನು ಅತ್ತೆ, ಬೈದೆ, ಕಂಬಳಿ ಹಿಡಿದು ಎಳೆದೆ.

"ಅಪ್ಪಾ, ನಿಂಗೆ ನಿಂತ ನೀರೇ ಆಗಲ್ಲ!"

"ಆಗಲ್ಲ ಕಣಮ್ಮ. ಅವಳು ಇಷ್ಟು ವರ್ಷ ಆ ದಾರಿ, ಆ ಊರಿನ ವಿಷಯಾನೇ ಹೇಳ್ತಿದ್ಲು. ನಾನು ತಲೆ ಆಡಿಸ್ತಿದ್ದೆ, ಒಂದೂ ಕೇಳಿಸ್ಕೊಂಡಿರ್ಲಿಲ್ಲ. ಹೋಗಿ ನೋಡ್ಕೊಂಡು ಬರ್ತೀನಿ."

ಹೋದ. ಆ ಬೇಸಿಗೆ ನಾನು ಅನುಭವಿಸಿದ್ದು ದೇವರಿಗೇ ಗೊತ್ತು. ನನ್ನ ಮಕ್ಕಳು ಹಸಿದು ಕರೆದರೂ ಕೇಳಿಸದ ಹಾಗೆ ಗುಡ್ಡದ ಮೇಲೆ ನಿಂತಿರುತ್ತಿದ್ದೆ. ಕುರಿ ಕಡಿಯುವ ಕಾಲಕ್ಕೆ ಹಡಗು ಬಂತು. ಅಪ್ಪ ಇಬ್ಬರ ಹೆಗಲ ಮೇಲೆ ಕೈ ಹಾಕಿಕೊಂಡು ಇಳಿದ. ಹೋಗುವಾಗಲೂ ಬರುವಾಗಲೂ ವಾಂತಿ ಮಾಡಿ ಮಾಡಿ ಎಲುಬಿನ ಗೂಡಾಗಿದ್ದ. ಮನೆಗೆ ಕರೆತಂದು, ಬಿಸಿ ಸಾರು ಕೊಟ್ಟು, ಎಲ್ಲರೂ ಅವನ ಸುತ್ತ ಕೂತೆವು.

"ಹೇಗಿತ್ತಪ್ಪಾ?"

ಸಾರನ್ನು ಇನ್ನೊಂದು ಗುಟುಕು ಕುಡಿದ. "ದೊಡ್ಡ ಊರು," ಎಂದ. "ಗೈರ್ವಾತನ ಕೂದಲೆಲ್ಲ ಬೆಳ್ಳಗಾಗಿದೆ. ಸೊಳ್ಳೆ ವಿಷಯ ಅವಳು ಹೇಳಿದ್ದು ನಿಜ."

ಅಷ್ಟು ದೂರ ಹೋಗಿ ಬಂದದ್ದು ಒಳ್ಳೆಯದಾಯಿತು ಎಂದೂ ಹೇಳಲಿಲ್ಲ, ಕೆಟ್ಟದ್ದಾಯಿತು ಎಂದೂ ಹೇಳಲಿಲ್ಲ. ಸಾರು ಮುಗಿಸಿ, ಕೋಲು ಹಿಡಿದು, ಕುರಿಗಳ ಗೊರಸು ಯಾರಾದರೂ ನೋಡಿದ್ದಾರೋ ಇಲ್ಲವೋ ಎಂದು ಗೊಣಗುತ್ತ ದೊಡ್ಡಿಯ ಕಡೆ ಹೊರಟ.